ಸ್ಟೇರಿಂಗ್ ಪಕ್ಕದ ಗೇರು: ಗೇರ್‌ಬಾಕ್ಸ್ ಬಿಚ್ಚುವ ಮುನ್ನ ಬಾನೆಟ್ ಎತ್ತಿ ನೋಡಿ

ತಿರುಪ್ಪೂರಿನ ಒಂದು ಮದುವೆ ಮಂಟಪ. ಬಾಗಿಲಲ್ಲಿ ಕಾರು ನಿಲ್ಲಿಸಿಕೊಡಲು ನಿಂತಿದ್ದ ಹುಡುಗ ನನ್ನ ಕೈಯಿಂದ ಕೀಲಿ ಇಸಿದುಕೊಂಡು ಒಳಗೆ ಕುಳಿತ. ಎರಡು ನಿಮಿಷವಾದರೂ ಗಾಡಿ ಕದಲಲಿಲ್ಲ. ಹಿಂದೆ ನಾಲ್ಕು ಕಾರು ಹಾರ್ನ್ ಬಾರಿಸುತ್ತಿವೆ. ಕೊನೆಗೆ ಕಿಟಕಿಯಿಂದ ತಲೆ ಹೊರಹಾಕಿ ಕೇಳಿದ, "ಸಾರ್, ಈ ವಂಡಿಗೆ ಗೇರ್ ಎಲ್ಲಿ?"

ತಪ್ಪು ಅವನದ್ದಲ್ಲ. ಎರಡು ಸೀಟಿನ ನಡುವೆ ಹುಡುಕಿದ್ದಾನೆ. ಅಲ್ಲಿ ನಡುವೆ ಎಂಬುದೇ ಇಲ್ಲ, ಮುಂದೆ ಇರುವುದು ಸೋಫಾದಂಥ ಒಂದೇ ಉದ್ದನೆಯ ಸೀಟು. ಸ್ಟೇರಿಂಗಿನ ಎಡಕ್ಕೆ ಚಾಚಿಕೊಂಡಿದ್ದ ಕಡ್ಡಿ ತೋರಿಸಿದೆ. "ಅದು ವೈಪರ್ ಅಂದ್ಕೊಂಡೆ ಸಾರ್" ಎಂದು ನಕ್ಕ. ನಾನೂ ನಕ್ಕೆ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಒಂದೇ ಯೋಚನೆ. ಈ ಗೇರು ಹಾಕಲು ಗೊತ್ತಿರುವವರೇ ಕಡಿಮೆಯಾದರೆ, ಕೆಟ್ಟಾಗ ಸರಿಮಾಡಲು ಗೊತ್ತಿರುವವರು ಎಷ್ಟು ಮಂದಿ ಉಳಿದಿರಬಹುದು?

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಹಳೆಯ ಮನೆಗಳ ಶೆಡ್ಡಿನಲ್ಲಿ, ಮಿಲ್ಲುಗಳ ಹಿತ್ತಿಲಲ್ಲಿ ಇಂದಿಗೂ ಒಂದು ಅಂಬಾಸಿಡರೋ ಫಿಯಟ್ಟೋ ಬಟ್ಟೆ ಹೊದ್ದು ಮಲಗಿರುವುದು ಉಂಟು. ಅಪ್ಪ ಕೊಂಡದ್ದು, ಮಾವ ಕೊಟ್ಟದ್ದು, ಮಾರಲು ಮನಸ್ಸಿಲ್ಲದ್ದು. ಅಂಥ ಗಾಡಿ ಇರುವವರಿಗೆ, ಅದನ್ನು ಮತ್ತೆ ರಸ್ತೆಗಿಳಿಸುವ ಆಸೆ ಇರುವವರಿಗೆ ಈ ಲೇಖನ.

ಗುಜರಿಗೆ ಹೋಗಬೇಕಿದ್ದ ಕಾರು

ಮೊದಲು ನನ್ನ ಕಥೆ. ನಮ್ಮ ಮನೆಯಲ್ಲಿರುವುದು 1978ರ ಪ್ರೀಮಿಯರ್ ಪದ್ಮಿನಿ. ಮಾವನವರು ಸೀರೆ ವ್ಯಾಪಾರಕ್ಕೆಂದು ಕೊಂಡದ್ದು. ಹೆಸರು ಪದ್ಮಿನಿಯಾದರೂ ಮನೆಯವರ ಬಾಯಲ್ಲಿ ಅದು ಇಂದಿಗೂ 'ಫಿಯಟ್'. ಚೌಡೇಶ್ವರಿ ಅಮ್ಮನ ಹಬ್ಬಕ್ಕೆ ಮಕ್ಕಳು ಮರಿ ಸೇರಿ ಒಂಬತ್ತು ಜನ ಅದರಲ್ಲಿ ಹೋದದ್ದುಂಟು. ಅವರು ತೀರಿಕೊಂಡ ಮೇಲೆ ಕಾರು ನನ್ನ ಪಾಲಿಗೆ ಬಂತು.

2011ರಲ್ಲಿ ಅದಕ್ಕೆ ಒಂದು ರೋಗ ಹಿಡಿಯಿತು. ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಕಡ್ಡಿ ಎಲ್ಲೋ ಸಿಕ್ಕಿಕೊಳ್ಳುವುದು, ಬಲವಂತ ಮಾಡಿದರೆ ಕರಕರ ಶಬ್ದ. ಒಮ್ಮೊಮ್ಮೆ ರಿವರ್ಸ್ ಬೀಳುವುದೇ ಇಲ್ಲ. ಒಂದು ವರ್ಕ್‌ಶಾಪಿಗೆ ಕೊಂಡೊಯ್ದೆ. ಅಲ್ಲಿನ ಹುಡುಗ ಒಂದು ಸುತ್ತು ಓಡಿಸಿ ಬಂದು ತೀರ್ಪು ಕೊಟ್ಟ: "ಗೇರ್‌ಬಾಕ್ಸ್ ಹೋಗಿದೆ. ಕೆಳಗಿಳಿಸಬೇಕು. ಪಾರ್ಟ್ಸ್ ಸಿಗೋದು ಕಷ್ಟ. ಇಷ್ಟು ಖರ್ಚು ಮಾಡೋ ಬದಲು ಗುಜರಿಗೆ ಹಾಕಿಬಿಡಿ ಸಾರ್."

ಗುಜರಿಯವನು ಬಂದು ನೋಡಿಯೂ ಹೋದ. ಅತ್ತೆಯವರು ಏನೂ ಹೇಳಲಿಲ್ಲ. ಕಾರಿನ ಬಟ್ಟೆಯನ್ನು ಒಗೆದು ಒಣಗಿಸಿ ಮಡಚಿಟ್ಟರು, ಅಷ್ಟೇ. ಅದು ಬೈದದ್ದಕ್ಕಿಂತ ಹೆಚ್ಚಾಯಿತು.

ನಮ್ಮ ಬೀದಿಯಲ್ಲಿ ಒಬ್ಬ ಹಳೆಯ ಟ್ಯಾಕ್ಸಿ ಡ್ರೈವರ್ ಇದ್ದರು. ಮೂವತ್ತು ವರ್ಷ ಅಂಬಾಸಿಡರ್ ಓಡಿಸಿದ ಕೈ. ವಿಷಯ ಕೇಳಿ ಬಂದರು. "ಬಾಕ್ಸ್ ಬಿಚ್ಚಬೇಡಪ್ಪಾ. ಮೊದಲು ಬಾನೆಟ್ ಎತ್ತು" ಎಂದರು. ನನ್ನನ್ನು ಸೀಟಿನಲ್ಲಿ ಕೂರಿಸಿ, ಇಂಜಿನ್ ಆಫ್ ಇರುವಾಗಲೇ ಗೇರ್ ಕಡ್ಡಿಯನ್ನು ಮೇಲೆ ಕೆಳಗೆ ಆಡಿಸಲು ಹೇಳಿದರು. ತಾವು ಬಗ್ಗಿ ಟಾರ್ಚ್ ಬಿಟ್ಟು ನೋಡಿದರು. ಐದು ನಿಮಿಷದಲ್ಲಿ ಉತ್ತರ ಸಿಕ್ಕಿತು. ಸ್ಟೇರಿಂಗ್ ಕಂಬದ ಬುಡದಲ್ಲಿರುವ ಒಂದು ಬುಷ್ ಸವೆದು, ಗುಂಡಗಿನ ತೂತು ಕೋಳಿಮೊಟ್ಟೆಯ ಆಕಾರಕ್ಕೆ ಬಂದಿತ್ತು. ನನ್ನ ಕೈ ಎರಡಿಂಚು ಹೋದರೆ ಕೆಳಗಿನ ಕಡ್ಡಿ ಒಂದಿಂಚು ಮಾತ್ರ ಹೋಗುತ್ತಿತ್ತು.

ಲೇತ್ ಅಂಗಡಿಯಲ್ಲಿ ಹೊಸ ಬುಷ್ ಕಡೆಸಿದ್ದಾಯಿತು. ಖರ್ಚು ಮನೆಮಂದಿಯ ಒಂದು ಹೊತ್ತಿನ ಹೋಟೆಲ್ ಊಟದಷ್ಟೂ ಆಗಲಿಲ್ಲ. ಗೇರ್‌ಬಾಕ್ಸಿಗೆ ಏನೂ ಆಗಿರಲಿಲ್ಲ.

ಅಂದು ಕಲಿತ ಪಾಠ ಒಂದೇ. ಈ ಬಗೆಯ ಗಾಡಿಯಲ್ಲಿ ಗೇರು ಕೈಕೊಟ್ಟರೆ, ಹೆಚ್ಚಿನ ಸಲ ಕೆಟ್ಟಿರುವುದು ಗೇರ್‌ಬಾಕ್ಸ್ ಅಲ್ಲ, ಕೈಗೂ ಗೇರ್‌ಬಾಕ್ಸಿಗೂ ನಡುವಿನ ಕೊಂಡಿಗಳು. ಇದು ಗೊತ್ತಿಲ್ಲದೆ ಎಷ್ಟು ಒಳ್ಳೆಯ ಗಾಡಿಗಳು ಗುಜರಿ ಸೇರಿವೆಯೋ!

ಗೇರು ಅಲ್ಲಿಗೆ ಏಕೆ ಹೋಯಿತು?

ಹಿಂದೆ ಗೇರ್ ಕಡ್ಡಿ ನೆಲದಿಂದಲೇ ಎದ್ದು ಬರುತ್ತಿತ್ತು. ಅಮೆರಿಕದ ಕಾರು ಕಂಪನಿಗಳು 1930ರ ದಶಕದ ಕೊನೆಯಲ್ಲಿ ಅದನ್ನು ಸ್ಟೇರಿಂಗ್ ಕಂಬಕ್ಕೆ ಏರಿಸಿದವು. 1938ರ ಕ್ಯಾಡಿಲಾಕ್ ಈ ಬದಲಾವಣೆಯ ಮೊದಲಿಗರಲ್ಲಿ ಒಂದು. ಕಾರಣ ಸರಳ. ನೆಲ ಖಾಲಿಯಾದರೆ ಮುಂದಿನ ಸೀಟಿನಲ್ಲಿ ಡ್ರೈವರ್ ಸೇರಿ ಮೂವರು ಕೂರಬಹುದು. ಯುದ್ಧದ ನಂತರ ಯುರೋಪಿನ ಕಾರುಗಳೂ ಇದನ್ನೇ ಅನುಸರಿಸಿದವು.

ನಮ್ಮ ದೇಶಕ್ಕೆ ಅದು ಬಂದದ್ದು ಹೀಗೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರು 1950ರ ದಶಕದ ಕೊನೆಯಲ್ಲಿ ಹಿಂದುಸ್ತಾನ್ ಮೋಟರ್ಸ್‌ನ ಅಂಬಾಸಿಡರ್ ಆಯಿತು. ಇಟಲಿಯ ಫಿಯಟ್ 1100 ಮುಂಬೈನಲ್ಲಿ ತಯಾರಾಗಿ, 1974ರಿಂದ ಪ್ರೀಮಿಯರ್ ಪದ್ಮಿನಿ ಎನಿಸಿಕೊಂಡಿತು. ಎರಡಕ್ಕೂ ನಾಲ್ಕು ಗೇರು, ಎರಡರಲ್ಲೂ ಕಡ್ಡಿ ಸ್ಟೇರಿಂಗ್ ಪಕ್ಕ. ನಮ್ಮ ಡ್ರೈವರ್‌ಗಳು ಇದಕ್ಕೆ ಇಟ್ಟ ಹೆಸರು 'ಹ್ಯಾಂಡ್ ಗೇರ್'. ನೆಲದ್ದು 'ಫ್ಲೋರ್ ಗೇರ್'.

1990ರ ದಶಕದಲ್ಲಿ ಅಂಬಾಸಿಡರ್‌ಗೆ ಇಸುಜು ಇಂಜಿನ್ನೂ ಐದು ಗೇರಿನ ಬಾಕ್ಸೂ ಬಂದಾಗ ಕಡ್ಡಿ ಮತ್ತೆ ನೆಲಕ್ಕಿಳಿಯಿತು. ಪದ್ಮಿನಿಯ ತಯಾರಿಕೆ 2000ದ ಆಸುಪಾಸಿನಲ್ಲಿ ನಿಂತಿತು. ಅಂಬಾಸಿಡರ್ ತಯಾರಿಸುತ್ತಿದ್ದ ಉತ್ತರಪಾರಾ ಕಾರ್ಖಾನೆ 2014ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು. ಮುಂಬೈನ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳ ಕಾಲವೂ 2023ರ ಅಕ್ಟೋಬರ್‌ನಲ್ಲಿ ಮುಗಿಯಿತು. ಉಳಿದಿರುವುದು ನಮ್ಮಂಥವರ ಮನೆಯ ಗಾಡಿಗಳು.

ಒಳಗೆ ನಡೆಯುವುದೇನು?

ಫ್ಲೋರ್ ಗೇರಿನ ನಕ್ಷೆ ಇಂಗ್ಲಿಷಿನ ಎಚ್ ಅಕ್ಷರದ ಹಾಗೆ ಮಲಗಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹ್ಯಾಂಡ್ ಗೇರ್ ಎಂದರೆ ಅದೇ ಎಚ್ ಅನ್ನು ಎತ್ತಿ ನಿಲ್ಲಿಸಿದ ಹಾಗೆ. ಕಡ್ಡಿಗೆ ಎರಡು ಚಲನೆ. ಒಂದು, ನಿಮ್ಮ ಕಡೆಗೆ ಎಳೆಯುವುದು ಅಥವಾ ಡ್ಯಾಶ್‌ಬೋರ್ಡ್ ಕಡೆಗೆ ತಳ್ಳುವುದು. ಇದು ಒಂದು-ಎರಡರ ಸಾಲೋ, ಮೂರು-ನಾಲ್ಕರ ಸಾಲೋ ಎಂದು ಆರಿಸುತ್ತದೆ. ಇನ್ನೊಂದು, ಮೇಲಕ್ಕೆ ಅಥವಾ ಕೆಳಕ್ಕೆ. ಇದು ಆ ಸಾಲಿನಲ್ಲಿ ಬೇಕಾದ ಗೇರನ್ನು ಹಾಕುತ್ತದೆ. ನಡುವೆ ನಿಂತರೆ ನ್ಯೂಟ್ರಲ್. ರಿವರ್ಸಿಗೆ ಬೇರೆ ಜಾಗ, ಅರಿಯದೆ ಬೀಳದಂತೆ ಒಂದು ತಡೆ.

ಗೇರ್ ನಕ್ಷೆ ಎಲ್ಲ ಗಾಡಿಗೂ ಒಂದೇ ಅಲ್ಲ. ಆದ್ದರಿಂದ ಹೊಸಬರು ಇಂಜಿನ್ ಆಫ್ ಮಾಡಿ, ಕ್ಲಚ್ ತುಳಿದು, ನಿಂತ ಗಾಡಿಯಲ್ಲೇ ಎಲ್ಲ ಗೇರುಗಳನ್ನೂ ಹತ್ತು ಸಲ ಹಾಕಿ ತೆಗೆದು ಕೈಗೆ ಕಲಿಸಿಕೊಳ್ಳಬೇಕು.

ನಿಮ್ಮ ಕೈಯ ಈ ಎರಡು ಚಲನೆ ಗೇರ್‌ಬಾಕ್ಸಿಗೆ ತಲುಪುವುದು ಹೇಗೆ? ಸ್ಟೇರಿಂಗ್ ಕಂಬದ ಜೊತೆಗೇ ಒಂದು ಉದ್ದನೆಯ ರಾಡ್ ಇಳಿಯುತ್ತದೆ. ಅದು ತನ್ನಷ್ಟಕ್ಕೆ ತಿರುಗಬಲ್ಲದು, ಮೇಲೆ ಕೆಳಗೆ ಜಾರಲೂ ಬಲ್ಲದು. ಅದರ ಬುಡದಲ್ಲಿ ಚಿಕ್ಕ ಚಿಕ್ಕ ತೋಳುಗಳು. ಆ ತೋಳುಗಳಿಂದ ಇಂಜಿನ್ನಿನ ಪಕ್ಕದಲ್ಲಿ ಹಾದು ಗೇರ್‌ಬಾಕ್ಸಿನ ತೋಳಿಗೆ ಹೋಗುವ ಕಡ್ಡಿಗಳು. ಕೆಲವು ಗಾಡಿಗಳಲ್ಲಿ ಒಂದು ಕಡ್ಡಿಯ ಬದಲು ಕೇಬಲ್ ಇರುತ್ತದೆ. ಪ್ರತಿ ಕೀಲಿನಲ್ಲೂ ಒಂದು ಪಿನ್ನು, ಒಂದು ಬುಷ್ಷು.

ಈಗ ಲೆಕ್ಕ ಹಾಕಿ. ಐದಾರು ಕೀಲುಗಳಲ್ಲಿ ಒಂದೊಂದರಲ್ಲೂ ಅಕ್ಕಿಕಾಳಿನಷ್ಟು ಸವೆತ ಬಂದರೆ ಸಾಕು. ಎಲ್ಲ ಕೂಡಿ ಗೇರ್‌ಬಾಕ್ಸ್ ತಲುಪುವ ಹೊತ್ತಿಗೆ ನಿಮ್ಮ ಕೈಯ ಮಾತು ಅರ್ಧ ಮಾತ್ರ ಉಳಿದಿರುತ್ತದೆ. ಇಂಜಿನ್ನಿನ ಬಿಸಿಗೆ ಗ್ರೀಸ್ ಒಣಗುತ್ತದೆ. ರಸ್ತೆಯ ಧೂಳು ಅದಕ್ಕೆ ಅಂಟಿ ಅರಗಲ್ಲಿನ ಕೆಲಸ ಮಾಡುತ್ತದೆ. ಇಷ್ಟೇ ಇದರ ರೋಗ.

ಓಡಿಸುವ ಬಗೆ

ಹ್ಯಾಂಡ್ ಗೇರಿಗೆ ಬಲ ಬೇಡ, ತಾಳ ಬೇಕು. ಇವತ್ತಿನ ಕಾರಿನಲ್ಲಿ ಮಾಡುವಂತೆ ಟಕ್ಕೆಂದು ಎಳೆದರೆ ಅದು ಮುನಿಸಿಕೊಳ್ಳುತ್ತದೆ. ಗಮನಿಸಬೇಕಾದವು ಇಷ್ಟು:

1. ಎರಡರಿಂದ ಮೂರಕ್ಕೆ ಹೋಗುವಾಗ ನ್ಯೂಟ್ರಲ್‌ನಲ್ಲಿ ಕ್ಷಣ ನಿಲ್ಲಿ. ಮೊದಲು ಸಾಲು ಬದಲಾಗಲಿ, ಆಮೇಲೆ ಗೇರು. ಮೂಲೆ ಹಾಯ್ದು ಓರೆಯಾಗಿ ಎಳೆಯಬೇಡಿ. ಸವೆದ ಕೊಂಡಿ ಇದ್ದರಂತೂ ಕಡ್ಡಿ ಸಿಕ್ಕಿಕೊಳ್ಳುವುದು ಈ ಓರೆ ಎಳೆತದಲ್ಲೇ.

2. ತಳ್ಳುವಾಗ ಅಂಗೈ, ಎಳೆಯುವಾಗ ಬೆರಳು. ಕಡ್ಡಿಯನ್ನು ಮುಷ್ಟಿ ಕಟ್ಟಿ ಹಿಡಿಯುವ ಅಗತ್ಯವಿಲ್ಲ.

3. ಹಳೆಯ ಅಂಬಾಸಿಡರ್, ಫಿಯಟ್‌ಗಳ ಒಂದನೇ ಗೇರಿಗೆ ಸಿಂಕ್ರೋಮೆಶ್ ಇಲ್ಲ. ಅಂದರೆ ತಿರುಗುವ ಹಲ್ಲುಗಳ ವೇಗವನ್ನು ತಾನಾಗಿ ಹೊಂದಿಸುವ ಉಂಗುರ ಅದಕ್ಕಿಲ್ಲ. ಗಾಡಿ ಪೂರ್ತಿ ನಿಂತ ಮೇಲೆಯೇ ಒಂದಕ್ಕೆ ಹಾಕಿ. ನಿಂತಿದ್ದರೂ ಕರ್ ಎಂದರೆ, ಕ್ಲಚ್ ತುಳಿದೇ ಇಟ್ಟು ಕಡ್ಡಿಯನ್ನು ಒಮ್ಮೆ ಮೂರನೇ ಗೇರಿಗೆ ಮುಟ್ಟಿಸಿ ಆಮೇಲೆ ಒಂದಕ್ಕೆ ತನ್ನಿ. ಮೂರರ ಸಿಂಕ್ರೋ ಒಳಗಿನ ತಿರುಗಾಟ ನಿಲ್ಲಿಸುತ್ತದೆ, ಒಂದು ಸದ್ದಿಲ್ಲದೆ ಬೀಳುತ್ತದೆ. ರಿವರ್ಸಿಗೂ ಇದೇ ಉಪಾಯ.

4. ಚಲಿಸುತ್ತಿರುವಾಗ ಒಂದಕ್ಕೆ ಇಳಿಸಲೇಬೇಕಾದರೆ ಡಬಲ್ ಕ್ಲಚ್ ಬೇಕು. ಕ್ಲಚ್ ತುಳಿದು ನ್ಯೂಟ್ರಲ್ ಮಾಡಿ, ಕ್ಲಚ್ ಬಿಟ್ಟು ಆಕ್ಸಿಲರೇಟರ್ ಒಮ್ಮೆ ಒತ್ತಿ, ಮತ್ತೆ ಕ್ಲಚ್ ತುಳಿದು ಗೇರ್ ಹಾಕಿ. ಇದನ್ನು ಖಾಲಿ ಮೈದಾನದಲ್ಲಿ ಕಲಿಯಿರಿ, ಗಾಂಧಿಪುರಂ ಸಿಗ್ನಲ್‌ನಲ್ಲಿ ಅಲ್ಲ!

5. ಕಡ್ಡಿಯ ಮೇಲೆ ಕೈ ಇಟ್ಟುಕೊಂಡು ಓಡಿಸಬೇಡಿ. ಮಲ್ಲಿಗೆ ದಂಡೆ ಇರಲಿ, ಆದರೆ ಕೈಚೀಲ ತೂಗುಹಾಕಬೇಡಿ. ಆ ಭಾರ ಹಗಲೆಲ್ಲ ಒಳಗಿನ ಫೋರ್ಕನ್ನು ಒತ್ತುತ್ತಲೇ ಇರುತ್ತದೆ.

ಘಟ್ಟ ಇಳಿಯುವಾಗ ಜೋಕೆ

ಈ ಜಿಲ್ಲೆಗಳವರಿಗೆ ಘಟ್ಟ ಹತ್ತಿಳಿಯದೆ ಗತಿಯಿಲ್ಲ. ಊಟಿಗೆ ಮೇಟುಪಾಳ್ಯಂ ದಾರಿ, ವಾಲ್ಪಾರೈಗೆ ಆಳಿಯಾರಿನಿಂದ 40 ಹೇರ್‌ಪಿನ್ ತಿರುವು. ಚಾಮರಾಜನಗರ, ಮೈಸೂರು ಕಡೆ ನೆಂಟರಿರುವ ನಮ್ಮ ಕನ್ನಡದ ಮನೆಗಳಿಗೆ ಸತ್ಯಮಂಗಲದಾಚೆ ಬಣ್ಣಾರಿ ಅಮ್ಮನಿಗೆ ಕೈಮುಗಿದು ಏರಬೇಕಾದ ದಿಂಬಂನ 27 ತಿರುವು.

ಹ್ಯಾಂಡ್ ಗೇರ್ ಸವೆದಿದ್ದರೆ ಊರೊಳಗೆ ಅದು ಬರೀ ಕಿರಿಕಿರಿ. ಘಟ್ಟದಲ್ಲಿ ಅದೇ ಅಪಾಯ. ಏಕೆಂದರೆ ಹಳೆಯ ಅಂಬಾಸಿಡರ್, ಪದ್ಮಿನಿಗಳ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಬ್ರೇಕನ್ನೇ ನಂಬಿ ಉದ್ದಕ್ಕೂ ತುಳಿಯುತ್ತ ಇಳಿದರೆ ಡ್ರಮ್ ಕಾದು ಹಿಡಿತ ತಪ್ಪುತ್ತದೆ. ಆದ್ದರಿಂದ ಇಂಜಿನ್ನೇ ಗಾಡಿಯನ್ನು ತಡೆದು ಹಿಡಿಯಬೇಕು. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂಬ ಹಳೆಯ ಮಾತು ಇದಕ್ಕೇ.

ಈಗ ಊಹಿಸಿ. ಇಳಿಜಾರಿನಲ್ಲಿ ಮೂರರಿಂದ ಎರಡಕ್ಕೆ ಇಳಿಸಲು ಹೋಗುತ್ತೀರಿ. ಮೂರು ಬಿಟ್ಟಿತು, ಎರಡು ಬೀಳಲಿಲ್ಲ. ಗಾಡಿ ಈಗ ನ್ಯೂಟ್ರಲ್‌ನಲ್ಲಿ ಉರುಳುತ್ತಿದೆ, ವೇಗ ಏರುತ್ತಿದೆ, ತಿರುವು ಎದುರಿಗಿದೆ. ಕೈ ಗಾಬರಿಯಿಂದ ಕಡ್ಡಿಯನ್ನು ಜಗ್ಗುತ್ತದೆ, ಅದು ಇನ್ನಷ್ಟು ಸಿಕ್ಕಿಕೊಳ್ಳುತ್ತದೆ.

ಅದಕ್ಕೇ ನಿಯಮ ಒಂದು: ಇಳಿಜಾರು ಶುರುವಾಗುವ ಮುನ್ನ, ಮಟ್ಟದ ಜಾಗದಲ್ಲೇ ಎರಡನೇ ಗೇರಿಗೆ ಬನ್ನಿ. ತೀರಾ ಕಡಿದಾದರೆ ನಿಲ್ಲಿಸಿ ಒಂದಕ್ಕೆ ಹಾಕಿಯೇ ಹೊರಡಿ. ನಿಯಮ ಎರಡು: ನಡುವೆ ಗೇರ್ ತಪ್ಪಿದರೆ ಕಡ್ಡಿಯ ಜೊತೆ ಜಗಳ ಬೇಡ. ಮೊದಲು ಬ್ರೇಕ್ ಗಟ್ಟಿಯಾಗಿ ಒತ್ತಿ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ನಿಂತ ಮೇಲೆ ಗೇರ್ ಹಾಕಿ. ನಿಯಮ ಮೂರು: ಗೇರ್ ಸರಿಯಾಗಿ ಬೀಳದ ಗಾಡಿಯನ್ನು ಘಟ್ಟಕ್ಕೆ ಒಯ್ಯಲೇಬೇಡಿ.

ಸಿಕ್ಕಿಕೊಂಡರೆ ಬಿಡಿಸುವುದು ಹೇಗೆ?

1990ರ ದಶಕದಲ್ಲಿ ಒಮ್ಮೆ ಬಾಡಿಗೆ ಅಂಬಾಸಿಡರ್‌ನಲ್ಲಿ ಚಾಮರಾಜನಗರದ ಮದುವೆಗೆ ಹೊರಟಿದ್ದೆವು. ದಿಂಬಂ ಏರಿನ ಒಂದು ತಿರುವಿನಲ್ಲಿ ಗೇರು ಎತ್ತಲೂ ಹೋಗದೆ ನಿಂತಿತು. ಹೆಂಗಸರು ಬಣ್ಣಾರಿ ಅಮ್ಮನನ್ನು ಕರೆದರು. ಡ್ರೈವರ್ ಮಾತ್ರ ಏನೂ ಆಗಿಲ್ಲವೆಂಬಂತೆ ಇಳಿದರು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟರು, ಬಾನೆಟ್ ಎತ್ತಿದರು, ಒಳಗೆ ಕೈ ಹಾಕಿ ಏನೋ ಜಗ್ಗಿದರು. ಟಕ್ ಎಂದಿತು. "ಏರಿ, ಹೋಗೋಣ" ಎಂದರು.

ಅವರು ಮಾಡಿದ್ದು ಮಂತ್ರವಲ್ಲ. ಓರೆ ಎಳೆತದಲ್ಲಿ ಕೊಂಡಿಯ ತೋಳು ಎರಡು ಸಾಲುಗಳ ನಡುವೆ ಸಿಕ್ಕಿಕೊಂಡಿತ್ತು. ಅದನ್ನು ಕೈಯಿಂದ ನ್ಯೂಟ್ರಲ್ ಜಾಗಕ್ಕೆ ತಂದರು, ಅಷ್ಟೇ. ನೀವೂ ಮಾಡಬಹುದು. ಆದರೆ ಕ್ರಮ ತಪ್ಪಬಾರದು. ಇಂಜಿನ್ ಆಫ್ ಇರಬೇಕು, ಕೀಲಿ ನಿಮ್ಮ ಜೇಬಿನಲ್ಲಿರಬೇಕು. ಹ್ಯಾಂಡ್ ಬ್ರೇಕ್ ಎಳೆದಿರಬೇಕು, ಚಕ್ರಕ್ಕೆ ಕಲ್ಲು ಕೊಟ್ಟಿರಬೇಕು. ಸೈಲೆನ್ಸರ್ ಪೈಪ್ ಕಾದಿರುತ್ತದೆ, ಬಟ್ಟೆ ಸುತ್ತಿಕೊಳ್ಳಿ. ಇಂಜಿನ್ ಓಡುತ್ತಿರುವಾಗ ಎಂದಿಗೂ ಕೈ ಹಾಕಬೇಡಿ. ಒಳಗೆ ಗೇರು ಬಿದ್ದೇ ಇದ್ದರೆ ಗಾಡಿ ನಿಮ್ಮ ಮೇಲೆಯೇ ನುಗ್ಗಬಹುದು.

ಹೀಗೆ ಬಿಡಿಸಿದ್ದು ತಾತ್ಕಾಲಿಕ. ಒಮ್ಮೆ ಸಿಕ್ಕಿಕೊಂಡದ್ದು ಮತ್ತೆ ಸಿಕ್ಕಿಕೊಳ್ಳುತ್ತದೆ. ಊರು ತಲುಪಿದ ಕೂಡಲೇ ಬುಷ್ ನೋಡಿಸಬೇಕು.

ದೋಷ ಎಲ್ಲಿದೆ? ಮೂರು ಪರೀಕ್ಷೆ

ಮೆಕ್ಯಾನಿಕ್ ಬಳಿ ಹೋಗುವ ಮುನ್ನ ಮನೆಯಲ್ಲೇ ಈ ಮೂರು ಪರೀಕ್ಷೆ ಮಾಡಿ. ಗಾಡಿ ಮಟ್ಟದ ನೆಲದಲ್ಲಿರಲಿ, ಚಕ್ರಕ್ಕೆ ಎರಡೂ ಕಡೆ ಕಲ್ಲಿರಲಿ.

ಮೊದಲನೆಯದು ಕ್ಲಚ್ ಪರೀಕ್ಷೆ. ಇಂಜಿನ್ ಆಫ್ ಮಾಡಿ ಎಲ್ಲ ಗೇರು ಹಾಕಿ ನೋಡಿ. (ಕೆಲವೊಮ್ಮೆ ಹಲ್ಲಿಗೆ ಹಲ್ಲು ಎದುರಾಗಿ ಬೀಳದು, ಆಗ ಮಾತ್ರ ಕಲ್ಲು ಸರಿಸಿ ಗಾಡಿಯನ್ನು ಒಂದು ಗೇಣು ತಳ್ಳಿ ಮತ್ತೆ ನೋಡಿ.) ಆಮೇಲೆ ಇಂಜಿನ್ ಚಾಲೂ ಮಾಡಿ, ಬ್ರೇಕ್ ಮತ್ತು ಕ್ಲಚ್ ತುಳಿದು ನೋಡಿ. ಆಫ್ ಇದ್ದಾಗ ಸಲೀಸು, ಚಾಲೂ ಇದ್ದಾಗ ಕರಕರ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಪೆಡಲ್ ಅಡ್ಜಸ್ಟ್‌ಮೆಂಟಿನಲ್ಲೇ ಸರಿಹೋಗಬಹುದು.

ಎರಡನೆಯದು ಕೊಂಡಿ ಪರೀಕ್ಷೆ. ಇಂಜಿನ್ ಆಫ್. ಒಬ್ಬರು ಸೀಟಿನಲ್ಲಿ ಕೂತು ಕಡ್ಡಿಯನ್ನು ನಿಧಾನಕ್ಕೆ ಆಡಿಸಲಿ, ಇನ್ನೊಬ್ಬರು ಬಾನೆಟ್ ಕೆಳಗೆ ಟಾರ್ಚ್ ಬಿಟ್ಟು ಒಂದೊಂದೇ ಕೀಲನ್ನು ನೋಡಲಿ. ಒಂದು ಬದಿ ಅಲುಗಿ ಇನ್ನೊಂದು ಬದಿ ಸುಮ್ಮನಿರುವ ಕೀಲೇ ಕಳ್ಳ. ನನ್ನ ಕಾರಿನ ರೋಗ ಸಿಕ್ಕಿದ್ದು ಹೀಗೆ.

ಮೂರನೆಯದು ಬಾಕ್ಸ್ ಪರೀಕ್ಷೆ. ಇದಕ್ಕೆ ಬಲ್ಲವರ ನೆರವಿರಲಿ. ಇಂಜಿನ್ ಆಫ್ ಇರುವಾಗ ಗೇರ್‌ಬಾಕ್ಸಿನ ತೋಳಿನಿಂದ ಕಡ್ಡಿಗಳನ್ನು ಕಳಚಿ, ತೋಳನ್ನು ನೇರವಾಗಿ ಕೈಯಿಂದ ಆಡಿಸಿ. ಪ್ರತಿ ಸ್ಥಾನದಲ್ಲೂ ಟಕ್ ಎಂದು ಗಟ್ಟಿಯಾಗಿ ಕೂತರೆ ಗೇರ್ ಬೀಳದಿರುವುದಕ್ಕೆ ಬಾಕ್ಸ್ ಕಾರಣವಲ್ಲ.

ಹಾಗಾದರೆ ಬಾಕ್ಸ್ ನಿಜವಾಗಿ ಕೆಡುವುದೇ ಇಲ್ಲವೇ? ಕೆಡುತ್ತದೆ. ಯಾವುದೋ ಒಂದೇ ಗೇರಿನಲ್ಲಿ ಗುಂಯ್ ಎಂಬ ಕೂಗು, ಕೊಂಡಿಗಳೂ ಇಂಜಿನ್ ಮೌಂಟಿಂಗೂ ಸರಿಯಿದ್ದರೂ ಗೇರ್ ತಾನಾಗಿ ಹಾರಿಬೀಳುವುದು, ಆಯಿಲ್ ಇಳಿಸಿದಾಗ ಕಬ್ಬಿಣದ ಚೂರು ಕಾಣುವುದು, ಇವು ಒಳಗಿನ ರೋಗದ ಗುರುತು. ಆಗ ಬಿಚ್ಚಲೇಬೇಕು. ನಾನು ಹೇಳುವುದು ಇಷ್ಟೇ, ಬಿಚ್ಚುವುದು ಕೊನೆಯ ಹೆಜ್ಜೆಯಾಗಲಿ, ಮೊದಲನೆಯದಲ್ಲ.

ತಿಂಗಳಿಗೊಮ್ಮೆ ಅರ್ಧ ಗಂಟೆ

ಹ್ಯಾಂಡ್ ಗೇರ್ ಕೇಳುವ ಸೇವೆ ಹೆಚ್ಚಿನದಲ್ಲ.

ಕೀಲುಗಳನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಅದ್ದಿದ ಬ್ರಶ್‌ನಿಂದ ತೊಳೆದು, ಒರೆಸಿ, ಹೊಸ ಗ್ರೀಸ್ ಹಚ್ಚಿ. ಹಳೆಯ ಗ್ರೀಸಿನ ಮೇಲೆಯೇ ಹೊಸದನ್ನು ಮೆತ್ತಿದರೆ ಧೂಳು ಒಳಗೇ ಉಳಿಯುತ್ತದೆ. ರಬ್ಬರ್ ಇರುವಲ್ಲಿ ಸೀಮೆಎಣ್ಣೆ ತಾಗಿಸಬೇಡಿ.

ಸ್ಪ್ಲಿಟ್ ಪಿನ್ನುಗಳನ್ನು ಎಣಿಸಿ. ಒಂದು ಉದುರಿದರೆ ಕಡ್ಡಿಯೇ ಕಳಚಿ ಬೀಳುತ್ತದೆ. ಅದರ ಜಾಗಕ್ಕೆ ಮೊಳೆ, ಬೈಂಡಿಂಗ್ ವೈರ್ ಸಿಕ್ಕಿಸಿ ತಿಂಗಳುಗಟ್ಟಲೆ ಓಡಿಸುವವರಿದ್ದಾರೆ. ಬೇಡ.

ಕಡ್ಡಿಯ ಉದ್ದ ಹೊಂದಿಸುವ ಕ್ರಮ ಇದು: ಒಳಗಿನ ಕಡ್ಡಿ ನ್ಯೂಟ್ರಲ್‌ನಲ್ಲಿ, ಬಾಕ್ಸಿನ ತೋಳೂ ನ್ಯೂಟ್ರಲ್‌ನಲ್ಲಿ. ಆಗ ಪಿನ್ನು ಒತ್ತಾಯವಿಲ್ಲದೆ ತೂತಿಗೆ ಇಳಿಯಬೇಕು. ಇಳಿಯದಿದ್ದರೆ ಕಡ್ಡಿಯನ್ನು ತಿರುಗಿಸಿ ಉದ್ದ ಸರಿಪಡಿಸಿ, ಲಾಕ್ ನಟ್ ಬಿಗಿಮಾಡಿ. ಆದರೆ ಮೊದಲು ಬುಷ್, ಆಮೇಲೆ ಅಡ್ಜಸ್ಟ್‌ಮೆಂಟ್. ಸವೆದ ಬುಷ್ ಇಟ್ಟುಕೊಂಡು ಎಷ್ಟು ಹೊಂದಿಸಿದರೂ ವಾರದಲ್ಲಿ ತಪ್ಪುತ್ತದೆ.

ಇಂಜಿನ್ ಮೌಂಟಿಂಗ್ ರಬ್ಬರ್ ನೋಡಿ. ಕೊಂಡಿಯ ಒಂದು ತುದಿ ಬಾಡಿಗೆ, ಇನ್ನೊಂದು ತುದಿ ಇಂಜಿನ್ ಜೊತೆ ಇರುವ ಬಾಕ್ಸಿಗೆ ಸೇರಿದೆ. ರಬ್ಬರ್ ಕುಸಿದು ಇಂಜಿನ್ ಓಲಾಡಿದರೆ ಗೇರೂ ಓಲಾಡುತ್ತದೆ.

ಗೇರ್ ಆಯಿಲ್ ವಿಷಯದಲ್ಲಿ ಅಂಗಡಿಯವರು ಕೊಟ್ಟದ್ದನ್ನು ಸುಮ್ಮನೆ ಹಾಕಬೇಡಿ. ಹಳೆಯ ಬಾಕ್ಸುಗಳ ಸಿಂಕ್ರೋ ಉಂಗುರ, ಬುಷ್‌ಗಳು ಹಿತ್ತಾಳೆ, ಕಂಚಿನವು. ಡಿಫರೆನ್ಷಿಯಲ್‌ಗೆಂದು ಮಾರುವ ಜಿಎಲ್-5 ದರ್ಜೆಯ ಕೆಲವು ಎಣ್ಣೆಗಳಲ್ಲಿರುವ ರಾಸಾಯನಿಕ ಈ ಲೋಹವನ್ನು ತಿನ್ನುತ್ತದೆ. ಗಾಡಿಯ ಪುಸ್ತಕದಲ್ಲಿ ಹೇಳಿದ ದರ್ಜೆಯನ್ನೇ ಹಾಕಿ.

ಬುಷ್ ಸಿಗುವುದೆಲ್ಲಿ?

ಇಲ್ಲಿ ನಾವು ಪುಣ್ಯವಂತರು. ಕೊಯಮತ್ತೂರು ಪಂಪುಸೆಟ್ಟು, ಗ್ರೈಂಡರು, ಫೌಂಡ್ರಿಗಳ ಊರು. ಲೇತ್ ಇಲ್ಲದ ಬೀದಿ ಹುಡುಕಬೇಕು. ಮೋಟಾರಿನ ನಂಟೂ ಹಳೆಯದು. ಜಿ.ಡಿ. ನಾಯ್ಡು ಅವರು ಪೊಳ್ಳಾಚಿ ಮತ್ತು ಪಳನಿ ನಡುವೆ ತಮ್ಮ ಮೊದಲ ಬಸ್ ಓಡಿಸಿದ್ದು 1920ರಲ್ಲಿ. ಅವರ ಹೆಸರಿನ ಸಂಸ್ಥೆಯವರು ಅವಿನಾಶಿ ರಸ್ತೆಯಲ್ಲಿ 2015ರಲ್ಲಿ ತೆರೆದ ಕಾರ್ ಮ್ಯೂಸಿಯಂನಲ್ಲಿ ಹಳೆಯ ಕಾರುಗಳ ಸಾಲೇ ಇದೆ. ಮಕ್ಕಳನ್ನು ಕರೆದೊಯ್ದು ಗೇರು ಎಲ್ಲೆಲ್ಲಿ ಇರುತ್ತಿತ್ತೆಂದು ತೋರಿಸಬಹುದು.

ತಯಾರಾದ ಬುಷ್ ಸಿಗದಿದ್ದರೆ ಗನ್‌ಮೆಟಲ್ ಅಥವಾ ನೈಲಾನ್‌ನಲ್ಲಿ ಕಡೆಸಬಹುದು. ಹಳೆಯ ಪಿನ್ನನ್ನೂ ಜೊತೆಗೆ ಒಯ್ಯಿರಿ. ಪಿನ್ ಸವೆದಿದ್ದರೆ ಅದನ್ನೂ ಹೊಸದು ಮಾಡಿಸಿ, ಇಲ್ಲದಿದ್ದರೆ ಹೊಸ ಬುಷ್ಷಿಗೂ ಅದೇ ಗತಿ. ತೀರಾ ಬಿಗಿಯಾಗಿ ಕಡೆಸಬೇಡಿ. ಬೆರಳಿನಲ್ಲಿ ಸಲೀಸಾಗಿ ತಿರುಗಬೇಕು, ಆದರೆ ಅಲುಗಬಾರದು. ತೋಳಿನ ತೂತೇ ಅಂಡಾಕಾರವಾಗಿದ್ದರೆ ವೆಲ್ಡ್ ತುಂಬಿಸಿ ಹೊಸದಾಗಿ ಡ್ರಿಲ್ ಮಾಡಿಸಬೇಕು.

ಪೆಟ್ರೋಲು ಮತ್ತು ಕಾಗದ

ಗೇರು ಸರಿಯಾದರೆ ಮುಗಿಯಲಿಲ್ಲ. ಈ ಗಾಡಿಗಳು ಹುಟ್ಟಿದ್ದು ಸೀಸ ಬೆರೆಸಿದ ಪೆಟ್ರೋಲಿನ ಕಾಲದಲ್ಲಿ. 2000ದಲ್ಲಿ ದೇಶವಿಡೀ ಸೀಸವಿಲ್ಲದ ಪೆಟ್ರೋಲ್ ಬಂತು. ಈಗ ಬಂಕುಗಳಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತದ್ದು. ಎಥನಾಲ್ ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ, ನೀರಿನ ಪಸೆ ಹೀರುತ್ತದೆ. ಪೆಟ್ರೋಲ್ ಹೋಸು, ಪಂಪಿನ ಡಯಾಫ್ರಾಮ್, ಕಾರ್ಬುರೇಟರ್ ವಾಷರ್‌ಗಳನ್ನು ಎಥನಾಲ್ ತಾಳುವಂಥವಕ್ಕೆ ಬದಲಿಸಿ. ಟ್ಯಾಂಕಿನಲ್ಲಿ ಪೆಟ್ರೋಲ್ ತಿಂಗಳುಗಟ್ಟಲೆ ನಿಲ್ಲಬಾರದು. ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಬಂದರೆ ಗಾಡಿ ಚಾಲೂ ಮಾಡಲೇಬೇಡಿ.

ಇನ್ನು ಆರ್‌ಟಿಒ. ಖಾಸಗಿ ಕಾರಿಗೆ 15 ವರ್ಷವಾದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. 600 ರೂಪಾಯಿಯಿದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000ಕ್ಕೆ ಏರಿಸಲಾಯಿತು. ಮನೆಯಲ್ಲಿ ಸುಮ್ಮನೆ ನಿಂತ ಗಾಡಿಗೆ ಇದು ಸಣ್ಣ ಮೊತ್ತವಲ್ಲ.

50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗಳಿಗೆ 2021ರ ನಿಯಮದಂತೆ 'ವಿಂಟೇಜ್' ನೋಂದಣಿ ಪಡೆಯಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ ಊರ್ಜಿತ. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೆಯ ನಂಬರ್ ಉಳಿಸಿಕೊಳ್ಳಬಹುದು. ಆದರೆ ಎಚ್ಚರ, ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿಗೆಂದು ಮಾತ್ರ ರಸ್ತೆಗಿಳಿಸಬಹುದು. ದಿನನಿತ್ಯ ಅಂಗಡಿಗೆ, ದೇವಸ್ಥಾನಕ್ಕೆ ಹೋಗುವವರಿಗೆ ಅದು ಹೊಂದದು.

ಕೊನೆಗೊಂದು ಮಾತು

ಬಾನೆಟ್ ಎತ್ತಿಸಿದ ಆ ಹಿರಿಯರು ಈಗಿಲ್ಲ. ಅವರಿಂದ ಕಲಿಯಬೇಕಿದ್ದದ್ದು ಇನ್ನೂ ಬಹಳ ಇತ್ತು. ಹ್ಯಾಂಡ್ ಗೇರಿನ ವಿದ್ಯೆ ಶಾಲೆಯಲ್ಲಿ ಕಲಿಸಿದ್ದಲ್ಲ, ಕೈಯಿಂದ ಕೈಗೆ ಬಂದದ್ದು. ನಿಮ್ಮ ಬೀದಿಯಲ್ಲೂ ಅಂಥ ಒಬ್ಬ ಹಳೆಯ ಡ್ರೈವರೋ ಮೆಕ್ಯಾನಿಕ್ಕೋ ಇರಬಹುದು. ಒಂದು ಭಾನುವಾರ ಅವರನ್ನು ಕರೆದು ಕಾಫಿ ಕೊಡಿ, ಬಾನೆಟ್ ಎತ್ತಿ ತೋರಿಸಿ, ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಮನೆಯ ಹುಡುಗರು ಪಕ್ಕದಲ್ಲಿರಲಿ.

ಅಂದ ಹಾಗೆ, ತಿರುಪ್ಪೂರಿನ ಆ ಹುಡುಗನಿಗೆ ಅಂದೇ ಊಟ ಮುಗಿಸಿ ಬಂದು ಗೇರ್ ಹಾಕುವುದನ್ನು ತೋರಿಸಿದೆ. ಇಂಜಿನ್ ಆಫ್ ಮಾಡಿ ಹತ್ತು ಸಲ, ಆಮೇಲೆ ಮಂಟಪದ ಹಿಂದಿನ ಬಯಲಿನಲ್ಲಿ ಎರಡು ಸುತ್ತು. ಎರಡರಿಂದ ಮೂರಕ್ಕೆ ಸದ್ದಿಲ್ಲದೆ ಹೋದಾಗ ಅವನ ಮುಖ ನೋಡಬೇಕಿತ್ತು. ಅತ್ತೆಯವರು ಹಿಂದಿನ ಸೀಟಿನಲ್ಲೇ ಕುಳಿತಿದ್ದರು. "ಪರವಾಗಿಲ್ಲ, ನಿನಗಿಂತ ಚೆನ್ನಾಗಿ ಹಾಕ್ತಾನೆ" ಎಂದರು ನನಗೆ.